ಪ್ರಗತಿಪುಸ್ತಕ ಬಚ್ಚಿಡದ ಮನೆ

ದೀಪಾವಳಿಯ ರಜೆಗೆ ಮುಂಚಿನ ಪರೀಕ್ಷೆ ಮುಗಿದು ಪ್ರಗತಿಪುಸ್ತಕಗಳು ಮನೆಗೆ ಬರುವ ದಿನಗಳಲ್ಲಿ ನಮ್ಮ ವಾಚನಾಲಯದ ಮಕ್ಕಳ ಮೇಜಿನ ಬಳಿ ಗುಸುಗುಸು ಹೆಚ್ಚು. ಆರನೆಯ, ಏಳನೆಯ ಇಯತ್ತೆಯ ಮಕ್ಕಳು ಒಬ್ಬರನ್ನೊಬ್ಬರು ಮೊದಲು ಕೇಳುವುದು “ಎಷ್ಟು ಬಂತು?” ಎಂದಲ್ಲ, “ಮನೆಯಲ್ಲಿ ತೋರಿಸಿದೆಯಾ?” ಎಂದು. ಇದನ್ನು ಕೇಳಿ ನಾವು ದೊಡ್ಡವರು ನಗುವುದುಂಟು. ಆದರೆ ಇದು ನಕ್ಕು ಬಿಡತಕ್ಕ ಮಾತಲ್ಲ. ಇಂದು ಅಂಕವನ್ನು ಬಚ್ಚಿಡಲು ಕಲಿತ ಮಗು ನಾಳೆ ತನಗೆ ತಿಳಿಯದ ಪಾಠವನ್ನೂ, ನಾಡಿದ್ದು ತನ್ನ ಮನಸ್ಸಿನ ನೋವನ್ನೂ ಬಚ್ಚಿಡುತ್ತದೆ. ಮಕ್ಕಳ ಶೀಲ, ಆರೋಗ್ಯ, ವಿದ್ಯೆ ಈ ಮೂರನ್ನು ನಾವು ಬೇರೆ ಬೇರೆಯಾಗಿ ಎಣಿಸುತ್ತೇವೆ. ಮನೆಯಲ್ಲಿ ಅವು ಮೂರೂ ಕೂಡಿಯೇ ಬೆಳೆಯುತ್ತವೆ, ಕೂಡಿಯೇ ಕೆಡುತ್ತವೆ.

ಹನ್ನೊಂದರಿಂದ ಹದಿನಾಲ್ಕರ ವಯಸ್ಸಿನಲ್ಲಿ ಹಲವು ಬದಲಾವಣೆಗಳು ಒಟ್ಟಿಗೆ ಬಂದು ಮೇಲೆ ಬೀಳುತ್ತವೆ. ಅದುವರೆಗೆ ಲೆಕ್ಕವೆಂದರೆ ಕೂಡುವುದು, ಕಳೆಯುವುದು, ಗುಣಿಸುವುದು, ಭಾಗಿಸುವುದು. ಅನಂತರ ಋಣಸಂಖ್ಯೆಗಳು ಬರುತ್ತವೆ, ಅಂಕಿಗಳ ಜಾಗದಲ್ಲಿ ಅಕ್ಷರಗಳು ಬಂದು ಕೂರುತ್ತವೆ. ವಿಷಯಕ್ಕೊಬ್ಬ ಶಿಕ್ಷಕರಾಗುತ್ತಾರೆ. ಹುಡುಗರ ದನಿ ಒಡೆಯುತ್ತದೆ, ಹುಡುಗಿಯರು ದೊಡ್ಡವರಾಗುತ್ತಾರೆ. ಗೆಳೆಯರು ಏನೆಂದುಕೊಂಡಾರೋ ಎಂಬ ಅಳುಕು ಹಗಲಿರುಳೂ ಕಾಡುತ್ತದೆ. ಮುಂಬಯಿಯಲ್ಲಿರುವ ನಮ್ಮ ಮಕ್ಕಳಿಗೆ ಇನ್ನೂ ಒಂದು ಹೊರೆ ಉಂಟು. ಮನೆಯಲ್ಲಿ ಕನ್ನಡವೋ ತುಳುವೋ, ಶಾಲೆಯಲ್ಲಿ ಇಂಗ್ಲಿಷು, ಜೊತೆಗೆ ಮರಾಠಿ, ಹಿಂದಿ. ಹೀಗಿರುವಾಗ ನಾಲ್ಕನೆಯಲ್ಲಿ ಮೊದಲಿಗನಾಗಿದ್ದ ಹುಡುಗ ಆರನೆಯಲ್ಲಿ ಹಿಂದೆ ಬಿದ್ದರೆ ಅವನು ಸೋಮಾರಿಯಾದನೆಂದು ತೀರ್ಪು ಕೊಡುವುದು ಅವಸರವಾದೀತು.

ಇಂಥ ಹೊತ್ತಿನಲ್ಲಿ ನಮ್ಮ ಬಾಯಿಯ ಮಾತು ಎಷ್ಟು ಕೆಲಸ ಮಾಡುತ್ತದೆಂಬುದಕ್ಕೆ ಒಂದು ಪ್ರಯೋಗದ ಕಥೆಯನ್ನು ಹೇಳುತ್ತೇವೆ. ಅಮೆರಿಕದ ಕ್ಲಾಡಿಯಾ ಮ್ಯೂಲರ್ ಮತ್ತು ಕೆರೊಲ್ ಡ್ವೆಕ್ ಎಂಬ ಇಬ್ಬರು ಮನಶ್ಶಾಸ್ತ್ರಜ್ಞೆಯರು ೧೯೯೮ರಲ್ಲಿ ಇದನ್ನು ಪ್ರಕಟಿಸಿದರು. ಐದನೆಯ ಇಯತ್ತೆಯ ಮಕ್ಕಳಿಗೆ ಕೆಲವು ಒಗಟುಗಳನ್ನು ಕೊಟ್ಟು, ಕೆಲವರಿಗೆ “ನೀನು ಜಾಣ” ಎಂದೂ ಇನ್ನು ಕೆಲವರಿಗೆ “ನೀನು ಚೆನ್ನಾಗಿ ಶ್ರಮಪಟ್ಟಿರುವೆ” ಎಂದೂ ಹೊಗಳಿದರು. ಎರಡನೆಯ ಬಾರಿ ಬಹಳ ಕಠಿಣವಾದುವನ್ನು ಕೊಟ್ಟರು, ಎಲ್ಲರೂ ಸೋತರು. ಮೂರನೆಯ ಬಾರಿ ಮೊದಲಿನಷ್ಟೇ ಸುಲಭವಾದುವು. ಆಗ ಶ್ರಮವನ್ನು ಹೊಗಳಿಸಿಕೊಂಡವರು ಮೊದಲಿಗಿಂತ ಮೇಲಾದರು. ಜಾಣರೆನಿಸಿಕೊಂಡವರು ಮೊದಲಿಗಿಂತ ಕೆಳಗಾದರು. ಕೊನೆಗೆ ಮತ್ತೊಂದು ಶಾಲೆಯ ಮಕ್ಕಳಿಗೆ ತಮ್ಮ ಅಂಕವನ್ನು ಬರೆದು ತಿಳಿಸಲು ಹೇಳಿದಾಗ, ಜಾಣರೆನಿಸಿಕೊಂಡವರಲ್ಲಿ ಹತ್ತಕ್ಕೆ ಸುಮಾರು ನಾಲ್ವರು ಸುಳ್ಳು ಅಂಕ ಬರೆದರು. ಇನ್ನೊಂದು ಗುಂಪಿನಲ್ಲಿ ಹಾಗೆ ಮಾಡಿದವರು ಹತ್ತಕ್ಕೆ ಒಬ್ಬಿಬ್ಬರು ಮಾತ್ರ.

ಇದರ ಅರ್ಥ ಸ್ಪಷ್ಟವಾಗಿದೆ. ಜಾಣತನವೇ ತನ್ನ ಬೆಲೆಯೆಂದು ನಂಬಿದ ಮಗುವಿಗೆ ಸೋಲೆಂದರೆ ಮಾನಹಾನಿ. ಅದನ್ನು ಮುಚ್ಚಲು ಸುಳ್ಳು ಬೇಕಾಗುತ್ತದೆ. ಒಳ್ಳೆಯ ಮಾತಿನಿಂದ ಎಲ್ಲವೂ ಸರಿಯಾಗುತ್ತದೆಂದು ನಾವು ಹೇಳುತ್ತಿಲ್ಲ. ಈ ಜಾಡಿನಲ್ಲಿ ಅನಂತರ ನಡೆದ ದೊಡ್ಡ ಪ್ರಯೋಗಗಳಲ್ಲಿ ಕಂಡುಬಂದ ಲಾಭ ಸಣ್ಣದು. ಆದರೆ ಕಾಸು ಖರ್ಚಿಲ್ಲದ ಸಣ್ಣ ಲಾಭವನ್ನು ಬಿಡುವುದೇಕೆ? “ಎಷ್ಟು ಬಂತು?” ಎನ್ನುವ ಬದಲು “ಯಾವುದು ತಿಳಿಯಲಿಲ್ಲ?” ಎಂದು ಕೇಳೋಣ. ಪಕ್ಕದ ಮನೆಯ ಮಗುವಿನ ಅಂಕವನ್ನು ಎತ್ತದಿರೋಣ. ಮಗು ತಾನಾಗಿ ಕಡಿಮೆ ಅಂಕವನ್ನು ತಂದು ತೋರಿಸಿದ ದಿನ, ಆ ಧೈರ್ಯವನ್ನು ಮೊದಲು ಮೆಚ್ಚಿ, ಅಂಕದ ವಿಚಾರವನ್ನು ಆಮೇಲೆ ಎತ್ತೋಣ.

ಎರಡನೆಯ ವಿಷಯ ನಿದ್ರೆ. ಆರರಿಂದ ಹನ್ನೆರಡರ ಮಕ್ಕಳಿಗೆ ದಿನಕ್ಕೆ ೯ರಿಂದ ೧೨ ಗಂಟೆ, ಹದಿಮೂರು ದಾಟಿದವರಿಗೆ ೮ರಿಂದ ೧೦ ಗಂಟೆ ನಿದ್ರೆ ಬೇಕೆಂದು ನಿದ್ರಾವೈದ್ಯರ ಅಭಿಪ್ರಾಯ. ಬೆಳಗಿನ ಪಾಳಿಯ ಶಾಲೆಗಾಗಿ ಐದೂವರೆಗೆ ಏಳುವ ಹನ್ನೆರಡರ ಹುಡುಗಿ ರಾತ್ರಿ ಎಂಟೂವರೆಗೆ ಮಲಗಬೇಕೆಂದಾಯಿತು! ನಮ್ಮ ಮನೆಗಳಲ್ಲಿ ಆ ಹೊತ್ತಿಗೆ ಅಪ್ಪ ಲೋಕಲ್ ಗಾಡಿಯಿಂದ ಇಳಿದಿರುವುದಿಲ್ಲ. ಅದರ ಮೇಲೆ, ಈ ವಯಸ್ಸಿನಲ್ಲಿ ದೇಹದ ಗಡಿಯಾರವೇ ಹಿಂದೆ ಸರಿದು ನಿದ್ರೆ ತಡವಾಗಿ ಹತ್ತುತ್ತದೆ. ಪೂರ್ತಿ ಸರಿಪಡಿಸಲು ಆಗದಿದ್ದರೂ ಒಂದೇ ಕೋಣೆಯ ಮನೆಯಲ್ಲಿಯೂ ಮಾಡಬಹುದಾದದ್ದು ಉಂಟು: ಮಲಗುವ ಹೊತ್ತಿಗೆ ಮನೆಯವರೆಲ್ಲರ ಮೊಬೈಲುಗಳನ್ನು ಒಂದೆಡೆ ಇಟ್ಟುಬಿಡುವುದು. ದಿನಕ್ಕೆ ಒಂದು ಗಂಟೆಯಾದರೂ ಮೈ ಬೆವರುವ ಆಟ ಬೇಕೆಂದು ವಿಶ್ವ ಆರೋಗ್ಯ ಸಂಸ್ಥೆಯೂ ಹೇಳುತ್ತದೆ. ಟ್ಯೂಶನ್ನಿಗಾಗಿ ಆಟವನ್ನು ಕಡಿದವರು ಈ ಮಾತನ್ನು ಯೋಚಿಸಬೇಕು.

ಮೂರನೆಯದು ಓದುವ ಬಗೆ. ಮಕ್ಕಳು ಪಾಠವನ್ನು ಮತ್ತೆ ಮತ್ತೆ ಓದುತ್ತಾರೆ. ಓದಿದ್ದು ಪರಿಚಿತವೆನಿಸಿದೊಡನೆ ಬಂದಿತೆಂದು ತಿಳಿಯುತ್ತಾರೆ. ರೋಡಿಗರ್ ಮತ್ತು ಕಾರ್ಪಿಕೆ ಎಂಬವರು ೨೦೦೬ರಲ್ಲಿ ಕಾಲೇಜು ವಿದ್ಯಾರ್ಥಿಗಳಲ್ಲಿ ಇದನ್ನು ಪರೀಕ್ಷಿಸಿದರು. ಐದು ನಿಮಿಷದ ಅನಂತರ ಕೇಳಿದಾಗ ಎರಡು ಬಾರಿ ಓದಿದವರೇ ಮುಂದಿದ್ದರು. ಒಂದು ವಾರದ ಅನಂತರವಾದರೋ, ಒಮ್ಮೆ ಓದಿ, ಪುಸ್ತಕ ಮುಚ್ಚಿ ನೆನಪಿನಿಂದ ಬರೆದವರಿಗೆ ೧೦೦ಕ್ಕೆ ೫೬ರಷ್ಟು ನೆನಪಿತ್ತು. ಎರಡು ಬಾರಿ ಓದಿದವರಿಗೆ ೪೨. ಮನೆಯಲ್ಲಿ ಇದನ್ನು ಮಾಡಲು ತಾಯಿಗೆ ಇಂಗ್ಲಿಷು ಬರಬೇಕೆಂದಿಲ್ಲ. “ಇವತ್ತು ಶಾಲೆಯಲ್ಲಿ ಕಲಿತದ್ದನ್ನು ಪುಸ್ತಕ ನೋಡದೆ ನನಗೆ ಕನ್ನಡದಲ್ಲಿ ಹೇಳು” ಎಂದು ರೊಟ್ಟಿ ಬೇಯಿಸುತ್ತಲೇ ಕೇಳಬಹುದು. ಹೇಳುತ್ತ ಹೇಳುತ್ತ ಮಗು ಎಲ್ಲಿ ತಡವರಿಸುತ್ತದೆಯೋ ಅಲ್ಲಿಯೇ ಪಾಠ ತಿಳಿದಿಲ್ಲ. ಮನೆಮಾತೂ ಉಳಿಯುತ್ತದೆ, ಓದೂ ಗಟ್ಟಿಯಾಗುತ್ತದೆ.

ಹೊಡೆದು ಬುದ್ಧಿ ಕಲಿಸುವ ಕಾಲ ಹೋಯಿತು. ೨೦೧೦ರ ಏಪ್ರಿಲ್ ೧ರಂದು ಜಾರಿಗೆ ಬಂದ ಶಿಕ್ಷಣದ ಹಕ್ಕಿನ ಕಾಯಿದೆಯು ಶಾಲೆಯಲ್ಲಿ ಮಕ್ಕಳನ್ನು ಹೊಡೆಯುವುದನ್ನೂ ಮಾನಸಿಕವಾಗಿ ಹಿಂಸಿಸುವುದನ್ನೂ ನಿಷೇಧಿಸಿದೆ. ಅದೇ ಕಾಯಿದೆಗೆ ೨೦೧೯ರಲ್ಲಾದ ತಿದ್ದುಪಡಿಯಂತೆ ಐದನೆಯ, ಎಂಟನೆಯ ಇಯತ್ತೆಗಳ ಕೊನೆಗೆ ಪರೀಕ್ಷೆ ಉಂಟು. ಅದರಲ್ಲಿ ಸೋತವರಿಗೆ ಹೆಚ್ಚಿನ ಪಾಠ ಹೇಳಿ, ಎರಡು ತಿಂಗಳೊಳಗೆ ಮತ್ತೊಮ್ಮೆ ಪರೀಕ್ಷೆ ನಡೆಸಬೇಕು. ಆದರೂ ಎಂಟನೆಯದು ಮುಗಿಯುವ ತನಕ ಯಾವ ಮಗುವನ್ನೂ ಶಾಲೆಯಿಂದ ಹೊರಗೆ ಹಾಕುವಂತಿಲ್ಲ. ಎಂದ ಮೇಲೆ ಎಂಟನೆಯದರ ಹೊಸ್ತಿಲಲ್ಲಿ ಗಾಬರಿಪಡುವುದಕ್ಕಿಂತ ಆರನೆಯದರಲ್ಲೇ ಮಗುವಿನ ತೊಡಕನ್ನು ಕೇಳಿ ತಿಳಿಯುವುದು ಲೇಸು.

ಊಟ ಬಿಟ್ಟು, ಗೆಳೆಯರನ್ನು ಬಿಟ್ಟು, ವಾರಗಟ್ಟಲೆ ಮಂಕಾಗಿರುವ ಮಗುವನ್ನು “ವಯಸ್ಸಿನ ಹುಚ್ಚು” ಎಂದು ಬಿಡಬಾರದು. ಸರಕಾರವು ೨೦೨೨ರಲ್ಲಿ ಆರಂಭಿಸಿದ ಟೆಲಿಮಾನಸ್ ಸೇವೆಯ ೧೪೪೧೬ ಸಂಖ್ಯೆಗೆ ಯಾವ ಹೊತ್ತಿನಲ್ಲಾದರೂ ಖರ್ಚಿಲ್ಲದೆ ಫೋನು ಮಾಡಬಹುದು, ಕನ್ನಡದಲ್ಲಿಯೂ ಮಾತಾಡುವವರಿದ್ದಾರೆ. ಆಪತ್ತಿನಲ್ಲಿರುವ ಮಕ್ಕಳಿಗಾಗಿ ೧೦೯೮ ಇದೆ.

ಹಗಲೆಲ್ಲ ಹೋಟೆಲಿನಲ್ಲಿ ದುಡಿದು ರಾತ್ರಿ ಶಾಲೆಯಲ್ಲಿ ಓದಿ ಮುಂದೆ ಬಂದ ಕನ್ನಡಿಗರು ಈ ನಗರದಲ್ಲಿ ಬಹಳ. ಆ ಹಿರಿಯರನ್ನು ಕೇಳಿದರೆ, ತಿಳಿಯದ್ದನ್ನು ನಾಚದೆ ಕೇಳಲು ಅಲ್ಲಿ ಒಬ್ಬರಾದರೂ ಮಾಸ್ತರರಿದ್ದರು ಎನ್ನುತ್ತಾರೆ. ಇಂದಿನ ಮಕ್ಕಳಿಗೂ ಅಂಥವರೊಬ್ಬರು ಬೇಕು. ಮೊದಲಿಗೆ ಅದು ಮನೆಯವರೇ ಆಗಲಿ. ಬಿಡುವಿರುವ ನಿವೃತ್ತರು ಸಂಜೆ ನಮ್ಮ ಮಕ್ಕಳ ಮೇಜಿನ ಬಳಿ ಅರ್ಧ ಗಂಟೆ ಕುಳಿತರೂ ಸಾಕು. ಪಾಠ ಹೇಳದಿದ್ದರೂ ಸರಿಯೇ, ಮಕ್ಕಳ ಮಾತನ್ನು ಕೇಳಿಸಿಕೊಂಡರಾಯಿತು.