ಬರದ ಹಣ, ಹೆಣ್ಣುಮಕ್ಕಳ ಪಾಠ

ಧಾತು ಸಂವತ್ಸರದಲ್ಲಿ ಮಳೆ ಕೈಕೊಟ್ಟಿತು. ಈಶ್ವರ ಸಂವತ್ಸರ ಬಂದಾಗ ಕಣಜದಲ್ಲಿ ಕಾಳಿರಲಿಲ್ಲ, ಕೊಟ್ಟಿಗೆಯಲ್ಲಿ ದನವಿರಲಿಲ್ಲ. 1876ರಿಂದ 78ರವರೆಗಿನ ಆ ಬರಗಾಲವನ್ನು ಹಳೆ ಮೈಸೂರು ಸೀಮೆ ಇಂದಿಗೂ ‘ಧಾತು ಈಶ್ವರ ಬರ’ ಎಂದೇ ಗುರುತಿಸುತ್ತದೆ. 1871ರ ಜನಗಣತಿಯಲ್ಲಿ 50 ಲಕ್ಷ ದಾಟಿದ್ದ ಸಂಸ್ಥಾನದ ಜನಸಂಖ್ಯೆ 1881ರಲ್ಲಿ 42 ಲಕ್ಷಕ್ಕೂ ಕಡಿಮೆಯಾಗಿತ್ತು. ಐದು ಜನರಲ್ಲಿ ಒಬ್ಬರನ್ನು ಬರ ನುಂಗಿತು ಎನ್ನುವುದು ಸಾಮಾನ್ಯವಾಗಿ ಒಪ್ಪಿರುವ ಅಂದಾಜು.

ಆ ದುರಂತದ ಬೆನ್ನಿಗೇ ಹಾಸನ ಪಟ್ಟಣದಲ್ಲಿ ಹೆಣ್ಣುಮಕ್ಕಳಿಗಾಗಿ ಒಂದು ಅನಾಥಾಲಯ ಹುಟ್ಟಿತು. ಅದನ್ನು ನಡೆಸಿದವರು ಇಂಗ್ಲೆಂಡಿನ ಕ್ರೈಸ್ತ ಸಂಸ್ಥೆಯಾದ ವೆಸ್ಲಿಯನ್ ಮಿಷನ್‌ನವರು. ಗಂಡುಮಕ್ಕಳಿಗೆ ಅವರದೇ ಇನ್ನೊಂದು ಮನೆ ತುಮಕೂರಿನಲ್ಲಿತ್ತು. ದೂರದ ದೇಶದಲ್ಲಿ ಭೂಮಿ ನಡುಗಿದಾಗ ನಾವು ಇಲ್ಲಿಂದ ಚಂದಾ ಎತ್ತಿ ಕಳಿಸುತ್ತೇವಲ್ಲ, ಅಂಥ ಚಂದಾ ಒಂದು ಕಾಲಕ್ಕೆ ಸಮುದ್ರ ದಾಟಿ ನಮ್ಮ ಕಡೆಗೇ ಬಂದಿತ್ತು. ಆ ಅನಾಥಾಲಯದ ಕಥೆ ತಿಳಿಯಬೇಕಾದರೆ ಆ ಹಣದ ದಾರಿಯನ್ನೂ ತಿಳಿಯಬೇಕು.

ಮೊದಲು ಹಾಸನ ಸೀಮೆಯ ನೆಲದ ಮಾತು. ಹೊಳೆನರಸೀಪುರಕ್ಕೆ ಹೇಮಾವತಿಯ ಶ್ರೀರಾಮದೇವರ ಕಟ್ಟೆ, ಅರಕಲಗೂಡಿಗೆ ಕಾವೇರಿಯ ಕೃಷ್ಣರಾಜಕಟ್ಟೆ, ಹೀಗೆ ಹಳೆಯ ನಾಲೆಗಳ ಆಸರೆ ಇದೆ. ಚನ್ನರಾಯಪಟ್ಟಣದ್ದು ರಾಗಿ ಬೆಳೆಯುವ ಬಯಲು, ಕೆರೆ ತುಂಬಿದರೆ ಉಂಟು, ಇಲ್ಲದಿದ್ದರೆ ಇಲ್ಲ. ಆದರೆ ಕಾಳಿನ ಬೆಲೆ ಏರಿದಾಗ ಕೂಲಿಯವನಿಗೆ ನಾಲೆ ಬಯಲೂ ಒಂದೇ, ಕೆರೆ ಬಯಲೂ ಒಂದೇ. ರೈಲು ಆಗ ಬೆಂಗಳೂರಿಗೆ ಬಂದು ನಿಲ್ಲುತ್ತಿತ್ತು. ಅಲ್ಲಿಂದ ಮುಂದಕ್ಕೆ ಕಾಳು ಎತ್ತಿನ ಗಾಡಿಯಲ್ಲೇ ಬರಬೇಕು. ಎತ್ತುಗಳೋ ಮೇವಿಲ್ಲದೆ ಸಾಯುತ್ತಿದ್ದವು. ಮದ್ರಾಸಿನ ಬಂದರಿನಲ್ಲಿ ಮೂಟೆಗಳು ಇಳಿದರೂ ಒಳನಾಡಿನ ಹಟ್ಟಿಗೆ ಮುಟ್ಟದೇ ಇದ್ದುದಕ್ಕೆ ಇದೂ ಒಂದು ಕಾರಣ.

1877ರ ಆಗಸ್ಟಿನಲ್ಲಿ ಮದ್ರಾಸಿನ ಗವರ್ನರ್ ಡ್ಯೂಕ್ ಆಫ್ ಬಕಿಂಗ್‌ಹ್ಯಾಮ್ ಲಂಡನ್ನಿಗೆ ತಂತಿ ಕಳಿಸಿ ನೆರವು ಕೇಳಿದರು. ಲಂಡನ್ ನಗರದ ಲಾರ್ಡ್ ಮೇಯರ್ ಸರ್ ಥಾಮಸ್ ವೈಟ್ ತಮ್ಮ ಅಧಿಕೃತ ನಿವಾಸ ಮ್ಯಾನ್ಶನ್ ಹೌಸಿನಲ್ಲಿ ನಿಧಿ ತೆರೆದರು. ಚರ್ಚುಗಳಲ್ಲಿ ತಟ್ಟೆ ಹಿಡಿದರು, ಆಸ್ಟ್ರೇಲಿಯಾದಂಥ ವಸಾಹತುಗಳಿಂದಲೂ ಹಣ ಬಂತು. ಕೆಲವೇ ತಿಂಗಳಲ್ಲಿ 5 ಲಕ್ಷ ಪೌಂಡಿಗೂ ಹೆಚ್ಚು ಕೂಡಿತು. ಏಳು ವರ್ಷ ಹಿಂದೆಯಷ್ಟೇ ಇಂಗ್ಲೆಂಡಿಗೂ ಇಂಡಿಯಾಕ್ಕೂ ನೇರ ತಂತಿ ಸಂಪರ್ಕ ಗಟ್ಟಿಯಾಗಿತ್ತು. ಅದಿಲ್ಲದಿದ್ದರೆ ಸುದ್ದಿ ಮುಟ್ಟುವ ಹೊತ್ತಿಗೆ ಇನ್ನಷ್ಟು ಊರುಗಳು ಖಾಲಿಯಾಗಿರುತ್ತಿದ್ದವು.

ಇಲ್ಲೊಂದು ಮಾತು ಹೇಳದೆ ಮುಂದೆ ಹೋಗಲಾಗದು. ಒಂದು ಕೈಯಲ್ಲಿ ಬ್ರಿಟಿಷ್ ಜನ ಚಂದಾ ಹಾಕುತ್ತಿದ್ದಾಗ ಇನ್ನೊಂದು ಕೈಯಲ್ಲಿ ಅವರದೇ ಸರ್ಕಾರ ಇಂಡಿಯಾದಿಂದ ಗೋಧಿ ಸಾಗಿಸುವುದನ್ನು ನಿಲ್ಲಿಸಿರಲಿಲ್ಲ. ಬರ ಪರಿಹಾರದ ಕಾಮಗಾರಿಯಲ್ಲಿ ಕಲ್ಲು ಒಡೆಯುವವರಿಗೆ ಬ್ರಿಟಿಷ್ ಅಧಿಕಾರಿ ಸರ್ ರಿಚರ್ಡ್ ಟೆಂಪಲ್ ನಿಗದಿ ಮಾಡಿದ ಕೂಲಿ ದಿನಕ್ಕೆ ಒಂದು ಪೌಂಡ್ ಕಾಳು, ಮೇಲೆ ಒಂದಿಷ್ಟು ಚಿಲ್ಲರೆ. ದಾನಿಗಳ ಕರುಣೆ ಸುಳ್ಳಲ್ಲ. ಆದರೆ ಆ ಕರುಣೆ ತುಂಬಬೇಕಾಗಿ ಬಂದ ಹೊಂಡದಲ್ಲಿ ಅರ್ಧವನ್ನು ತೋಡಿದ್ದು ಆಡಳಿತವೇ.

ನಿಧಿಯ ಹಂಚಿಕೆಗೆ ಒಂದು ಕಟ್ಟಳೆ ಇತ್ತು. ಗಂಜಿ ಹಾಕುವುದು, ಕಾಮಗಾರಿ ನಡೆಸುವುದು ಸರ್ಕಾರದ ಕೆಲಸ; ಚಂದಾ ಹಣ ಅದಕ್ಕಲ್ಲ. ಅದು ತಂದೆ ತಾಯಿ ಇಲ್ಲದ ಮಕ್ಕಳಿಗೆ, ಬಟ್ಟೆಗೆ, ಬಿದ್ದ ಮನೆ ಎತ್ತುವುದಕ್ಕೆ, ರೈತನ ಬಿತ್ತನೆ ಬೀಜಕ್ಕೆ, ಎತ್ತಿಗೆ. ಮದ್ರಾಸಿನ ಸಮಿತಿಗೆ ಗೌರವ ಕಾರ್ಯದರ್ಶಿಯಾಗಿದ್ದ ಪತ್ರಕರ್ತ ವಿಲಿಯಂ ಡಿಗ್ಬಿ ಮಾರನೆಯ ವರ್ಷವೇ ಈ ಬರದ ಬಗ್ಗೆ ಎರಡು ಸಂಪುಟಗಳ ಗ್ರಂಥ ಹೊರತಂದರು. ಆಡಳಿತದ ತಪ್ಪುಗಳ ಬಗ್ಗೆ ಅವರ ನಾಲಗೆ ಅಷ್ಟೇನೂ ಮೃದುವಲ್ಲ.

ಹಿಂಗಾರು ಹಿಡಿಯಿತು, ನಿಧಿ ಮುಚ್ಚಿತು. ಬೀಜ ಸಿಕ್ಕ ರೈತ ಮುಂದಿನ ಸುಗ್ಗಿಗೆ ತನ್ನ ಕಾಲ ಮೇಲೆ ನಿಂತಾನು. ಗಂಜಿ ಕೇಂದ್ರದ ಬಾಗಿಲಲ್ಲಿ ಒಂಟಿಯಾಗಿ ಉಳಿದ ಐದು ವರ್ಷದ ಹುಡುಗಿಗೆ ಸುಗ್ಗಿಯಿಂದೇನು? ಅವಳಿಗೆ ಬೇಕಾದದ್ದು ಹತ್ತು ಹನ್ನೆರಡು ವರ್ಷದ ಅನ್ನ, ಮೈಗೆ ಬಟ್ಟೆ, ಮಲಗಲು ಸೂರು, ಕಲಿಸಲು ಒಬ್ಬರು. ಇಂಥ ಖರ್ಚನ್ನು ಮಹಾನಿಧಿಗಳು ಹೊರುವುದಿಲ್ಲ. ಹೊತ್ತವರು ಇಂಗ್ಲೆಂಡಿನ ಸಣ್ಣ ಊರುಗಳ ಹೆಂಗಸರು. ಹೊರದೇಶದ ಹೆಣ್ಣುಮಕ್ಕಳ ಶಿಕ್ಷಣಕ್ಕೆಂದೇ 1858ರಲ್ಲಿ ವೆಸ್ಲಿಯನ್ ಮಹಿಳೆಯರು ಒಂದು ಸಮಿತಿ ಕಟ್ಟಿಕೊಂಡಿದ್ದರು. ವಾರಕ್ಕೊಮ್ಮೆ ಕೂಡಿ ಹೊಲಿಗೆ ಹಾಕುವುದು, ಹೊಲಿದದ್ದನ್ನು ಮಾರುವುದು, ಮನೆಮನೆಯಿಂದ ಪೆನ್ನಿ ಎತ್ತುವುದು. ಸದ್ದಿಲ್ಲದ ಈ ದುಡ್ಡು ವರ್ಷ ವರ್ಷವೂ ಬರುತ್ತಿತ್ತು. ನನ್ನ ಕಣ್ಣಿಗೆ ಲಾರ್ಡ್ ಮೇಯರರ ಲಕ್ಷಗಳಿಗಿಂತ ಈ ಪೆನ್ನಿಗಳೇ ದೊಡ್ಡವು.

ಅನಾಥಾಲಯದಲ್ಲಿ ಕನ್ನಡ ಓದು ಬರಹ, ಲೆಕ್ಕ, ಹೊಲಿಗೆ, ಅಡುಗೆ, ಜೊತೆಗೆ ಬೈಬಲ್. ಇಂದಿಗೆ ಇದು ಸಪ್ಪೆ ಪಟ್ಟಿ. ಆದರೆ ಆ ಕಾಲದ ಮೈಸೂರು ಸಂಸ್ಥಾನದಲ್ಲಿ ನೂರು ಹೆಂಗಸರಲ್ಲಿ ಒಬ್ಬಳಿಗೂ ಅಕ್ಷರ ಬರುತ್ತಿರಲಿಲ್ಲ. ಅಂಬಿಲ್ ನರಸಿಂಹ ಅಯ್ಯಂಗಾರ್ಯರು ಮೈಸೂರಿನಲ್ಲಿ ಮಹಾರಾಣಿ ಬಾಲಿಕಾ ಪಾಠಶಾಲೆ ಆರಂಭಿಸಿದ್ದು 1881ರಲ್ಲಿ. ಅಲ್ಲಿಯೂ ಇತರ ಶಾಲೆಗಳಲ್ಲಿಯೂ ಮೇಷ್ಟರನ್ನು ಕಾಡಿದ್ದು ಒಂದೇ ಕಷ್ಟ: ಹುಡುಗಿಗೆ ಹತ್ತು ತುಂಬುತ್ತಲೇ ಮದುವೆ, ಪಾಠ ಅಲ್ಲಿಗೆ ಮುಕ್ತಾಯ. ಅನಾಥೆಯನ್ನು ಶಾಲೆ ಬಿಡಿಸಿ ಕರೆದೊಯ್ಯಲು ಮಾತ್ರ ಯಾರೂ ಬರುತ್ತಿರಲಿಲ್ಲ. ಕೇಳಲು ಕಟುವಾದರೂ ನಿಜ, ಎಲ್ಲರನ್ನೂ ಕಳೆದುಕೊಂಡವಳಿಗೇ ಹೆಚ್ಚು ಕಾಲ ಓದುವ ಅವಕಾಶ ಸಿಕ್ಕಿತು. ಮಿಷನ್‌ಗಳ ಹೆಣ್ಣುಮಕ್ಕಳ ಶಾಲೆಗಳಿಗೆ ಉಪಾಧ್ಯಾಯಿನಿಯರು ಬಂದದ್ದು ಇಂಥ ಮನೆಗಳಿಂದಲೇ.

ಅಲ್ಲಿ ಬೆಳೆದ ಮಕ್ಕಳು ಕ್ರೈಸ್ತರಾದರು. ಈ ಕಾರಣಕ್ಕೆ ಆ ಹಣವನ್ನೆಲ್ಲ ಮತಾಂತರದ ಬಲೆ ಎನ್ನುವವರಿದ್ದಾರೆ. ಮಿಷನ್‌ಗೆ ಆ ಉದ್ದೇಶ ಇತ್ತು, ಅದನ್ನು ಅವರು ಮುಚ್ಚಿಡಲೂ ಇಲ್ಲ; ಐದು ವರ್ಷದ ಮಗುವಿನ ಒಪ್ಪಿಗೆ ಕೇಳುವ ಮಾತಂತೂ ಇರಲೇ ಇಲ್ಲ. ಅದರ ಜೊತೆಗೇ ಇನ್ನೊಂದನ್ನೂ ಹೇಳಬೇಕು. ಯಾರು ಬೇಯಿಸಿದ್ದೋ ಎಂದು ಅಂಜಿ ಗಂಜಿ ಕೇಂದ್ರದ ಊಟ ಮುಟ್ಟದೆ ಹಸಿದೇ ಉಳಿದವರಿದ್ದ ಸಮಾಜ ಅದು. ಯಾವ ಕುಲವೋ ತಿಳಿಯದ ಹುಡುಗಿಗೆ ಅಂಥಲ್ಲಿ ಮನೆ ಬಾಗಿಲು ತೆರೆಯುವುದು ಸುಲಭವಿರಲಿಲ್ಲ. ಗಂಜಿ ಹೊಯ್ದ ಊರ ಉದಾರಿಗಳು ಉಂಟು, ಅವರ ಪುಣ್ಯ ದೊಡ್ಡದು. ಮಗುವನ್ನು ಮಡಿಲಿಗೆ ಹಾಕಿಕೊಳ್ಳುವುದು ಬೇರೆಯದೇ ಕೆಲಸ.

ಹಾಸನದ ರೆಡ್‌ಫರ್ನ್ ಸ್ಮಾರಕ ಆಸ್ಪತ್ರೆಯೂ ಇದೇ ವೆಸ್ಲಿಯನ್ನರು ಕಟ್ಟಿದ್ದು. ಊರಿನವರಿಗೆ ಅದು ಬರೀ ಮಿಷನ್ ಆಸ್ಪತ್ರೆ. 1947ರ ಸೆಪ್ಟೆಂಬರ್‌ನಲ್ಲಿ ದಕ್ಷಿಣ ಇಂಡಿಯಾ ಸಭೆ, ಅಂದರೆ ಸಿಎಸ್‌ಐ, ರೂಪುಗೊಂಡಾಗ ಮೈಸೂರು ಸೀಮೆಯ ವೆಸ್ಲಿಯನ್ ಸಂಸ್ಥೆಗಳು ಅದರಲ್ಲಿ ಸೇರಿದವು.

ಅಂದು ಚಂದಾ ಪಡೆದವರು ನಾವು, ಇಂದು ಕಳಿಸುವವರೂ ನಾವೇ. ಈಗ ನೇಪಾಳದ ಕಡೆ ನೋಡಿ. 2015ರ ಏಪ್ರಿಲ್ 25ರ ನಡುಹಗಲು 7.8 ತೀವ್ರತೆಯ ಭೂಕಂಪ ಆಯಿತು. ಸುಮಾರು 9,000 ಜನ ಸತ್ತರು. ಅಂದು ಶನಿವಾರ, ನೇಪಾಳದಲ್ಲಿ ಶಾಲೆಗೆ ವಾರದ ರಜೆ ಅದೇ ದಿನ. ಕುಸಿದೋ ಬಿರುಕು ಬಿಟ್ಟೋ ಹಾಳಾದ ತರಗತಿ ಕೋಣೆಗಳು ಮೂವತ್ತು ಸಾವಿರಕ್ಕೂ ಹೆಚ್ಚು. ರಜೆ ಇಲ್ಲದಿದ್ದರೆ ಏನಾಗುತ್ತಿತ್ತು ಎಂದು ನೆನೆದರೇ ಎದೆ ಝಲ್ಲೆನ್ನುತ್ತದೆ. ಮೇ ಕೊನೆಗೆ ಬಿದಿರು, ಟಾರ್ಪಾಲಿನ ಚಪ್ಪರಗಳಲ್ಲಿ ಪಾಠ ಶುರುವಾಯಿತು. ಮನೆ ಬಿದ್ದ ಹಳ್ಳಿಗಳ ಹುಡುಗಿಯರನ್ನು ಕೆಲಸದ ಆಸೆ ತೋರಿಸಿ ಸಾಗಿಸುವ ದಲ್ಲಾಳಿಗಳ ಭಯ ಅಲ್ಲಿ ಬೇರೆ. ಶಾಲೆಗೆ ಬರುವ ಹುಡುಗಿ ಕಾಣೆಯಾದರೆ ಹಾಜರಿ ಕರೆಯುವಾಗಲಾದರೂ ಗೊತ್ತಾಗುತ್ತದೆ. ನಮ್ಮಲ್ಲಿ ಇಂಥ ಅನಾಹುತಕ್ಕೆ ಚಂದಾ ಎತ್ತುವ ಉತ್ಸಾಹ ಹೆಚ್ಚೆಂದರೆ ಒಂದೆರಡು ತಿಂಗಳು. ನೇಪಾಳ ಸರ್ಕಾರದ ಪುನರ್ನಿರ್ಮಾಣ ಪ್ರಾಧಿಕಾರಕ್ಕೆ ಹಿಡಿದದ್ದು 2015ರ ಡಿಸೆಂಬರ್‌ನಿಂದ 2021ರ ಡಿಸೆಂಬರ್‌ವರೆಗೆ, ಆರು ವರ್ಷ.

ಹಾಸನದ ಮಹಿಳಾ ಸಮಾಜವೋ ಚನ್ನರಾಯಪಟ್ಟಣದ ಹಳೆಯ ವಿದ್ಯಾರ್ಥಿ ಸಂಘವೋ ನಾಳೆ ಹೊರದೇಶದಲ್ಲಿ ಹೀಗೆ ಹಾಳಾದ ಒಂದು ಶಾಲೆಗೆ ಹಣ ಕೂಡಿಸುತ್ತೇವೆ ಎಂದು ಹೊರಟರೆ ಮೊದಲು ಲೆಕ್ಕಪರಿಶೋಧಕರನ್ನು ಕಾಣುವುದು ಒಳ್ಳೆಯದು. ಆದಾಯ ತೆರಿಗೆ ವಿನಾಯಿತಿ ಇರುವ ಟ್ರಸ್ಟು ದೇಶದ ಹೊರಗೆ ಮಾಡುವ ಖರ್ಚಿಗೆ ಸಾಮಾನ್ಯವಾಗಿ ಆ ವಿನಾಯಿತಿ ಸಿಗುವುದಿಲ್ಲ. ಕೇಂದ್ರ ನೇರ ತೆರಿಗೆ ಮಂಡಳಿಯ ಅನುಮತಿ ಬೇಕು. ಆಮೇಲಿನ ಪ್ರಶ್ನೆ, ಎಷ್ಟು ವರ್ಷ ಕೊಡುತ್ತೀರಿ ಎಂಬುದು. ಅದನ್ನು ರಸೀದಿ ಪುಸ್ತಕ ಅಚ್ಚು ಹಾಕಿಸುವ ಮುಂಚೆಯೇ ಸಭೆಯಲ್ಲಿ ತೀರ್ಮಾನಿಸಿ ನಡಾವಳಿ ಪುಸ್ತಕದಲ್ಲಿ ಬರೆದಿಟ್ಟುಕೊಳ್ಳಬೇಕು.