ಮೀಟರ್ ಬೋರ್ಡಿನ ಹಳದಿ ದೀಪ: ಗಾಬರಿಯೂ ಬೇಡ, ಉದಾಸೀನವೂ ಬೇಡ

ಹೊಸೂರು: ಒಂದು ಪುಟ್ಟ ಕಾರಿನ ಚಿತ್ರ, ಅದರ ಕೆಳಗೆ ಹಾವು ಹರಿದಂತೆ ಎರಡು ಗೆರೆ. ಮೀಟರ್ ಬೋರ್ಡಿನಲ್ಲಿ ಈ ಹಳದಿ ದೀಪ ಹತ್ತಿಕೊಂಡರೆ ನಮ್ಮ ಕಡೆ ಸಿಗುವ ಉತ್ತರ ಸಾಮಾನ್ಯವಾಗಿ ಎರಡೇ. "ಗಾಡಿ ಓಡ್ತಾ ಇದೆಯಲ್ಲ, ಬಿಡಿ ಸಾರ್" ಎನ್ನುವುದು ಒಂದು. "ಎಬಿಎಸ್ ಮಾಡ್ಯೂಲೇ ಹೋಗಿದೆ, ಹೊಸದು ಹಾಕಬೇಕು" ಎನ್ನುವುದು ಇನ್ನೊಂದು. ಮೊದಲನೆಯದನ್ನು ನಂಬಿದರೆ ಮಳೆಯಲ್ಲಿ ತೊಪ್ಪೂರು ಘಾಟಿ ಇಳಿಯುವಾಗ ಜೀವಕ್ಕೆ ಕುತ್ತು. ಎರಡನೆಯದನ್ನು ನಂಬಿದರೆ ಜೇಬಿಗೆ.

ಇದು ಟ್ರ್ಯಾಕ್ಷನ್ ಕಂಟ್ರೋಲ್ ದೀಪ. ಮೊದಲೆಲ್ಲ ಭಾನುವಾರ ಬೆಳಗ್ಗೆ ಬೆಂಗಳೂರಿನಿಂದ ಅತ್ತಿಬೆಲೆ ದಾಟಿ ಕೃಷ್ಣಗಿರಿಯತ್ತ ಗುಡುಗುತ್ತಾ ಹೋಗುವ ಸ್ಪೋರ್ಟ್ಸ್ ಕಾರಿನವರ ಚಿಂತೆಯಾಗಿತ್ತು. ಈಗ ಹಾಗಿಲ್ಲ. ಕಾರುಗಳಿಗೂ 125 ಸಿಸಿ ಮೀರಿದ ಬೈಕುಗಳಿಗೂ 2019ರ ಏಪ್ರಿಲ್‌ನಿಂದ ಎಬಿಎಸ್ ಕಡ್ಡಾಯವಾಯಿತು. ಟ್ರ್ಯಾಕ್ಷನ್ ಕಂಟ್ರೋಲ್ ಎನ್ನುವುದು ಎಬಿಎಸ್‌ನ ಸಾಮಾನನ್ನೇ ಬಳಸಿಕೊಂಡು ಕೆಲಸ ಮಾಡುವ ತಮ್ಮ ಇದ್ದ ಹಾಗೆ. ಆದ್ದರಿಂದ ಅಣ್ಣ ಬಂದ ಮನೆಗೆ ತಮ್ಮನೂ ಬರುತ್ತಿದ್ದಾನೆ. ನಮ್ಮ ಹೊಸೂರಿನ ಟಿವಿಎಸ್ ಕಂಪನಿಯೇ 2011ರಲ್ಲಿ ಅಪಾಚೆ ಆರ್‌ಟಿಆರ್ 180ಕ್ಕೆ ಎಬಿಎಸ್ ಕೊಟ್ಟಿತು, 2023ರಲ್ಲಿ ಬಂದ ಆರ್‌ಟಿಆರ್ 310 ಬೈಕಿನಲ್ಲಿ ಟ್ರ್ಯಾಕ್ಷನ್ ಕಂಟ್ರೋಲ್ ಕೂಡ ಇದೆ.

ಕೆಲಸ ಹೇಗೆ? ಟ್ರ್ಯಾಕ್ಟರ್ ಓಡಿಸಿದವರಿಗೆ ಇದು ಹೊಸದಲ್ಲ. ಕೆಸರಿನಲ್ಲಿ ಒಂದು ಚಕ್ರ ಸುಮ್ಮನೆ ಗಿರಗಿರ ತಿರುಗುತ್ತದೆ, ಇನ್ನೊಂದು ಕದಲುವುದಿಲ್ಲ. ಆಗ ಅನುಭವಸ್ಥ ಡ್ರೈವರ್ ತಿರುಗುವ ಚಕ್ರದ ಕಡೆಯ ಬ್ರೇಕನ್ನಷ್ಟೇ ಅದುಮುತ್ತಾನೆ. ಬಲ ಆ ಕಡೆಯ ಚಕ್ರಕ್ಕೆ ಹೋಗಿ ಟ್ರ್ಯಾಕ್ಟರ್ ಮೇಲೆ ಬರುತ್ತದೆ. ಕಾರಿನಲ್ಲಿ ಇದನ್ನೇ ಕಂಪ್ಯೂಟರ್ ಮಾಡುತ್ತದೆ, ಜೊತೆಗೆ ಇಂಜಿನ್ನಿನ ಜೋರನ್ನೂ ತಗ್ಗಿಸುತ್ತದೆ. ಯಾವ ಚಕ್ರ ಜಾರುತ್ತಿದೆ ಎಂದು ಅದಕ್ಕೆ ತಿಳಿಸುವುದು ನಾಲ್ಕು ಚಕ್ರಗಳ ಬಳಿ ಕೂತಿರುವ, ಹೆಬ್ಬೆರಳಿನಷ್ಟು ದೊಡ್ಡ ಸ್ಪೀಡ್ ಸೆನ್ಸರ್‌ಗಳು. ರಾಯಕೋಟೆ, ಬೇರಿಕೆ ಕಡೆಯ ಕೆಸರು, ತೋಟದ ದಾರಿಯ ಕಲ್ಲು, ಕ್ವಾರಿ ಧೂಳು ಎಲ್ಲವೂ ಬಡಿಯುವುದು ಇವಕ್ಕೇ. ನಿಲ್ಲಿಸಿದ ಕಾರಿನ ವೈರನ್ನು ಇಲಿ ಕಡಿಯುವುದಂತೂ ಹಳ್ಳಿಯ ಮಾಮೂಲಿ ತೊಂದರೆ.

ಮೊದಲು ನೋಡಬೇಕಾದ್ದು ದೀಪ ಮಿನುಗುತ್ತಿದೆಯೋ, ಒಂದೇ ಸಮ ಉರಿಯುತ್ತಿದೆಯೋ ಎಂಬುದು. ಮಿನುಗುತ್ತಿದ್ದರೆ ಅದು ರೋಗವಲ್ಲ. ಚಕ್ರ ಜಾರಿದೆ, ವ್ಯವಸ್ಥೆ ಹಿಡಿದುಕೊಳ್ಳುತ್ತಿದೆ ಎಂದರ್ಥ. ಆಕ್ಸಿಲರೇಟರ್ ಬಿಟ್ಟು ನಿಧಾನಿಸಿದರೆ ಸಾಕು. ಒಂದೇ ಸಮ ಉರಿದರೆ ವ್ಯವಸ್ಥೆ ಕೆಲಸ ನಿಲ್ಲಿಸಿದೆ. ಕೆಲವೊಮ್ಮೆ ಮಕ್ಕಳೋ ಕ್ಲೀನರೋ ಆಫ್ ಬಟನ್ ಒತ್ತಿರುತ್ತಾರೆ, ಅದನ್ನೂ ನೋಡಿ. ಸುರಕ್ಷಿತ ಜಾಗದಲ್ಲಿ ನಿಲ್ಲಿಸಿ, ಇಂಜಿನ್ ಆಫ್ ಮಾಡಿ ಮತ್ತೆ ಸ್ಟಾರ್ಟ್ ಮಾಡಿ. (ಡೆಂಕಣಿಕೋಟೆಯಿಂದ ಅಂಚೆಟ್ಟಿಗೆ ಹೋಗುವ ಕಾಡುದಾರಿಯಲ್ಲಿ ಸಂಜೆ ಹೊತ್ತು ಇಳಿದು ಬಾನೆಟ್ ಎತ್ತಬೇಡಿ. ಅಲ್ಲಿ ಆನೆಗಳಿವೆ, ದೀಪ ಕಾಯುತ್ತದೆ.)

ಮತ್ತೂ ಉರಿದರೆ ಜೊತೆಯಲ್ಲಿ ಇನ್ನಾವ ದೀಪವಿದೆ ನೋಡಿ. ಅರ್ಧ ಪತ್ತೆದಾರಿ ಇಲ್ಲಿಯೇ ಮುಗಿಯುತ್ತದೆ. ಎಬಿಎಸ್ ದೀಪವೂ ಇದ್ದರೆ ಸಂಶಯ ಚಕ್ರದ ಸೆನ್ಸರ್ ಮೇಲೆ. ಇಂಜಿನ್ ದೀಪವಿದ್ದರೆ ಚಕ್ರಗಳ ತಂಟೆಗೆ ಹೋಗುವ ಮುನ್ನ ಇಂಜಿನ್ ನೋಡಿಸಿ, ಏಕೆಂದರೆ ಮಿಸ್‌ಫೈರೋ ಥ್ರಾಟಲ್ ತೊಂದರೆಯೋ ಇದ್ದಾಗ ಕಂಪ್ಯೂಟರ್ ತಾನಾಗಿಯೇ ಟ್ರ್ಯಾಕ್ಷನ್ ಕಂಟ್ರೋಲನ್ನು ಬಂದ್ ಮಾಡುತ್ತದೆ. ಕೆಂಪು ಬ್ರೇಕ್ ದೀಪ ಹತ್ತಿ, ಹ್ಯಾಂಡ್ ಬ್ರೇಕ್ ಪೂರ್ತಿ ಇಳಿಸಿದರೂ ಆರದಿದ್ದರೆ ಮಾತೇ ಬೇರೆ. ಬ್ರೇಕ್ ಆಯಿಲ್ ಮಟ್ಟ ನೋಡಿ, ಕಾರನ್ನು ಮುಂದೆ ಓಡಿಸಬೇಡಿ. ಬರೀ ಹಳದಿ ಎಬಿಎಸ್, ಟ್ರ್ಯಾಕ್ಷನ್ ದೀಪಗಳಾದರೆ ಮಾಮೂಲಿ ಬ್ರೇಕ್ ಇರುತ್ತದೆ, ನಿಧಾನವಾಗಿ ಮನೆ ಸೇರಬಹುದು. ಆದರೆ ಜೋರಾಗಿ ಬ್ರೇಕ್ ಹಾಕಿದರೆ ಚಕ್ರ ಲಾಕ್ ಆಗಬಹುದು ಎಂಬುದು ನೆನಪಿರಲಿ.

ಗ್ಯಾರೇಜಿಗೆ ಹೋಗುವ ಮುಂಚೆ ಮನೆಯಲ್ಲೇ ನೋಡಬಹುದಾದ್ದು ಟೈರು ಮತ್ತು ಬ್ಯಾಟರಿ. ಸಣ್ಣ ಅಳತೆಯ ಸ್ಟೆಪ್ನಿ ಹಾಕಿದರೆ, ಅಥವಾ ಒಂದು ಟೈರಿನಲ್ಲಿ ಗಾಳಿ ತೀರಾ ಇಳಿದಿದ್ದರೆ ಆ ಚಕ್ರ ಉಳಿದವಕ್ಕಿಂತ ಬೇಗ ತಿರುಗುತ್ತದೆ. ಜಾರುತ್ತಿದೆ ಎಂದೇ ಕಂಪ್ಯೂಟರ್ ತಿಳಿಯುತ್ತದೆ. ಸ್ಪೋರ್ಟ್ಸ್ ಕಾರುಗಳಲ್ಲಿ ಈ ಕಾಟ ಹೆಚ್ಚು. ಹಲವದರಲ್ಲಿ ಹಿಂದಿನ ಟೈರು ಮುಂದಿನದಕ್ಕಿಂತ ಅಗಲ. ಸವೆದ ಎರಡನ್ನು ಮಾತ್ರ ಸಿಕ್ಕಿದ ಅಳತೆಯಲ್ಲಿ ಬದಲಿಸಿದರೆ ಲೆಕ್ಕ ತಪ್ಪುತ್ತದೆ. ಮೇಲಾಗಿ ಅಂಥ ಕಾರು ವಾರಗಟ್ಟಲೆ ಶೆಡ್ಡಿನಲ್ಲಿ ನಿಂತಿರುತ್ತದೆ, ಬ್ಯಾಟರಿ ಸೊರಗುತ್ತದೆ. ನಿಂತ ಕಾರಿನ ಒಳ್ಳೆಯ ಬ್ಯಾಟರಿ ಸುಮಾರು 12.6 ವೋಲ್ಟ್ ತೋರಿಸಬೇಕು. ತೀರಾ ಇಳಿದಿದ್ದರೆ ಸ್ಟಾರ್ಟ್ ಮಾಡಿದಾಗ ಇಲ್ಲದ ರೋಗಗಳ ದೀಪವೆಲ್ಲ ಹತ್ತುತ್ತವೆ.

ಇಷ್ಟಾದ ಮೇಲೆ ಸ್ಕ್ಯಾನರ್. ಬ್ಲೂಟೂತ್‌ನಿಂದ ಮೊಬೈಲಿಗೆ ಜೋಡಿಸುವ ಅಗ್ಗದ ಸ್ಕ್ಯಾನರ್ ಹಲವು ಸಲ 'ಪಿ' ಅಕ್ಷರದ ಇಂಜಿನ್ ಕೋಡ್‌ಗಳನ್ನಷ್ಟೇ ಓದುತ್ತದೆ. ನಮಗೆ ಬೇಕಾದ್ದು 'ಸಿ'ಯಿಂದ ಶುರುವಾಗುವ ಕೋಡ್. "ಏನೂ ಕೋಡ್ ಬಂದಿಲ್ಲ" ಎಂದರೆ ಎಬಿಎಸ್ ಓದುವ ಸ್ಕ್ಯಾನರ್ ಹಾಕಿದಿರಾ ಎಂದು ಕೇಳಿ. ಕೋಡ್ ಬಂದೊಡನೆ ಸೆನ್ಸರ್ ಕೊಳ್ಳುವುದೂ ಅವಸರವೇ. ಕೋಡ್ ಬೆರಳು ತೋರಿಸುವುದು ಒಂದು ಮೂಲೆಯ ಕಡೆಗೆ, ಒಂದು ವಸ್ತುವಿನ ಕಡೆಗಲ್ಲ. ಸ್ಕ್ಯಾನರ್ ಹಾಕಿಕೊಂಡೇ ಖಾಲಿ ರಸ್ತೆಯಲ್ಲಿ ಗಂಟೆಗೆ 20-30 ಕಿ.ಮೀ. ವೇಗದಲ್ಲಿ ನೇರ ಓಡಿಸಿದರೆ ನಾಲ್ಕು ಚಕ್ರಗಳ ವೇಗವೂ ಹೆಚ್ಚುಕಡಿಮೆ ಒಂದೇ ಇರಬೇಕು. ಒಂದು ಸೊನ್ನೆ ತೋರಿಸಿದರೆ ಅಥವಾ ಕುಪ್ಪಳಿಸಿದರೆ ಆ ಚಕ್ರ ಬಿಚ್ಚಿಸಿ. ಕ್ಲಿಪ್ ಸಡಿಲವೇ, ವೈರ್ ತುಂಡಾಗಿದೆಯೇ, ಸೆನ್ಸರ್ ಮೂತಿಗೆ ಕಬ್ಬಿಣದ ಪುಡಿ ಮೆತ್ತಿದೆಯೇ ನೋಡಬೇಕು. ಎಷ್ಟೋ ಸಲ ಒರೆಸಿ ಕೂರಿಸಿದರೆ ಮುಗಿಯುತ್ತದೆ. ಎಡ-ಬಲ ಸೆನ್ಸರ್ ಒಂದೇ ಬಗೆಯದಾಗಿದ್ದರೆ ಅದಲುಬದಲು ಮಾಡಿ ನೋಡಬಹುದು. ತೊಂದರೆ ಸೆನ್ಸರ್ ಜೊತೆಗೇ ಆ ಕಡೆ ಹೋದರೆ ಸೆನ್ಸರ್ ಕೆಟ್ಟಿದೆ, ಅಲ್ಲೇ ಉಳಿದರೆ ವೈರ್ ಅಥವಾ ರಿಂಗ್.

ಇತ್ತೀಚೆಗೆ ವೀಲ್ ಬೇರಿಂಗ್ ಹಾಕಿಸಿದ್ದರೆ ಅದನ್ನು ಮುಚ್ಚಿಡದೆ ಹೇಳಿ. ಹಲವು ಬೇರಿಂಗ್‌ಗಳ ಒಂದು ಮುಖದಲ್ಲಿ ಅಯಸ್ಕಾಂತದ ಪಟ್ಟಿ ಇರುತ್ತದೆ. ತಿರುಗಿಸಿ ಕೂರಿಸಿದರೆ ಚಕ್ರ ಚೆನ್ನಾಗಿ ತಿರುಗುತ್ತದೆ, ಸೆನ್ಸರಿಗೆ ಮಾತ್ರ ಏನೂ ಕಾಣದು. ಅಲೈನ್‌ಮೆಂಟ್ ಮಾಡಿಸಿದ ಮರುದಿನವೇ ದೀಪ ಹತ್ತಿದರೆ ಸ್ಟೀರಿಂಗ್ ಕೋನದ ಸೆನ್ಸರನ್ನು ಮತ್ತೆ ಸರಿಹೊಂದಿಸಬೇಕಾಗಿರಬಹುದು. ಮಾಡ್ಯೂಲ್ ಮಾತು ಬರಬೇಕಾದ್ದು ಇದೆಲ್ಲ ಮುಗಿದ ಮೇಲೆ. ಸೆನ್ಸರ್ ಸಾವಿರಗಳ ಲೆಕ್ಕ, ಮಾಡ್ಯೂಲ್ ಹತ್ತಾರು ಸಾವಿರಗಳ ಲೆಕ್ಕ.

ಬೈಕಿನವರಿಗೊಂದು ಮಾತು. ಸ್ಟ್ಯಾಂಡ್ ಮೇಲೆ ನಿಲ್ಲಿಸಿ ಚೈನಿಗೆ ಎಣ್ಣೆ ಬಿಡಲು ಗೇರ್ ಹಾಕಿ ಹಿಂಚಕ್ರ ತಿರುಗಿಸಿದರೆ ಹಲವು ಬೈಕುಗಳಲ್ಲಿ ದೀಪ ಹತ್ತಿಕೊಳ್ಳುತ್ತದೆ. ಮುಂಚಕ್ರ ನಿಂತಿದೆ, ಹಿಂದಿನದು ಓಡುತ್ತಿದೆ, ಕಂಪ್ಯೂಟರ್ ಇನ್ನೇನು ತಿಳಿದೀತು? ಕೀ ಆಫ್ ಮಾಡಿ ಸ್ಟಾರ್ಟ್ ಮಾಡಿ ಸ್ವಲ್ಪ ದೂರ ಓಡಿಸಿದರೆ ಸಾಮಾನ್ಯವಾಗಿ ಆರುತ್ತದೆ. ಎಂಜಿನ್ ಓಡುವಾಗ ಚೈನಿನ ಹತ್ತಿರ ಕೈ ಇಡುವುದಂತೂ ಬೇಡವೇ ಬೇಡ.

ಗಡಿಯ ಆ ಕಡೆ ಈ ಕಡೆ ಎಲ್ಲೇ ಹಳೆ ಕಾರು ಕೊಳ್ಳುವುದಾದರೂ ಇಂಜಿನ್ ಸ್ಟಾರ್ಟ್ ಮಾಡದೆ ಕೀ ಆನ್ ಮಾಡಿ ನೋಡಿ. ಎಬಿಎಸ್, ಟ್ರ್ಯಾಕ್ಷನ್ ದೀಪಗಳು ಕೆಲವು ಸೆಕೆಂಡ್ ಹತ್ತಿ ಆರಬೇಕು. ಹತ್ತಲೇ ಇಲ್ಲವೆಂದರೆ ಯಾರೋ ದೀಪವನ್ನೇ ಕಿತ್ತಿರಬಹುದು ಅಥವಾ ಮುಚ್ಚಿರಬಹುದು. ಸ್ಕ್ಯಾನ್ ಮಾಡಿಸುವ ತನಕ ಅಡ್ವಾನ್ಸ್ ಕೊಡಬೇಡಿ.