ಮುಖಪುಟ ಹೇಳುವುದೇನು, ಹೇಳದೆ ಬಿಡುವುದೇನು?

ಪುಸ್ತಕದ ಅಂಗಡಿಗೆ ಹೋದವರು ಅಲ್ಲಿರುವ ಎಲ್ಲ ಪುಸ್ತಕಗಳನ್ನೂ ತೆರೆದು ನೋಡುವುದಿಲ್ಲ. ನೋಡುವುದು ಸಾಧ್ಯವೂ ಇಲ್ಲ. ನೂರಾರು ಪುಸ್ತಕಗಳ ಮೇಲೆ ಕಣ್ಣು ಹಾಯುತ್ತದೆ, ಎಲ್ಲೋ ಒಂದು ಕಡೆ ನಿಲ್ಲುತ್ತದೆ, ಆಮೇಲೆ ಕೈ ಮುಂದೆ ಹೋಗುತ್ತದೆ. ಪುಸ್ತಕದ ಒಳಗಿನ ಒಂದು ಸಾಲನ್ನೂ ಓದುವ ಮೊದಲೇ ಆಯ್ಕೆಯ ಅರ್ಧ ಕೆಲಸ ಮುಗಿದಿರುತ್ತದೆ. ಈ ಅರ್ಧ ಕೆಲಸವನ್ನು ಮಾಡಿಸುವುದು ಮುಖಪುಟ.

ಪುಸ್ತಕವನ್ನು ನಮಗೆ ಪರಿಚಯಿಸುವವರು ಬೇರೆಯವರೂ ಇದ್ದಾರೆ. ಅಧ್ಯಾಪಕರು ಹೇಳಿದ್ದಾರೆಂದು ಒಂದನ್ನು ಓದುತ್ತೇವೆ, ಗೆಳೆಯರು ಮೆಚ್ಚಿದರೆಂದು ಇನ್ನೊಂದನ್ನು. ಆಗ ಮುಖಪುಟ ಹೇಗಿದ್ದರೂ ನಡೆಯುತ್ತದೆ. ಪುಸ್ತಕದ ಪರವಾಗಿ ಮಾತನಾಡಲು ಯಾರೂ ಇಲ್ಲದ ಕಡೆಯಲ್ಲಿ ಮಾತ್ರ ಮುಖಪುಟವೇ ಮಾತನಾಡಬೇಕಾಗುತ್ತದೆ. ಅದರ ಚರಿತ್ರೆಯನ್ನು ನೋಡಿದರೆ ಈ ಮಾತು ಸ್ಪಷ್ಟವಾಗುತ್ತದೆ.

ಧೂಳಿನ ಹೊದಿಕೆಯಿಂದ ರೈಲ್ವೆ ಅಂಗಡಿಗೆ

ಯೂರೋಪಿನಲ್ಲಿ ಹದಿನೆಂಟನೆಯ ಶತಮಾನದವರೆಗೂ ಅನೇಕ ಪುಸ್ತಕಗಳು ಬಿಡಿ ಹಾಳೆಗಳ ಕಟ್ಟಾಗಿ ಅಥವಾ ತಾತ್ಕಾಲಿಕ ರಟ್ಟಿನೊಂದಿಗೆ ಮಾರಾಟವಾಗುತ್ತಿದ್ದವು. ಕೊಂಡವರು ತಮ್ಮ ಅಂತಸ್ತಿಗೆ ತಕ್ಕಂತೆ ಚರ್ಮದ ಬೈಂಡು ಹಾಕಿಸಿಕೊಳ್ಳುತ್ತಿದ್ದರು. ಹೊದಿಕೆ ಕೊಂಡವನ ಆಯ್ಕೆಯಾಗಿತ್ತು. ಕೊಳ್ಳುವಂತೆ ಮಾಡುವ ಕೆಲಸ ಅದಕ್ಕಿರಲಿಲ್ಲ. 1820ರ ದಶಕದಲ್ಲಿ ಪ್ರಕಾಶಕರೇ ಬಟ್ಟೆಯ ಬೈಂಡು ಹಾಕಿ ಮಾರತೊಡಗಿದರು. ಆ ಬಟ್ಟೆ ಕೊಳೆಯಾಗದಿರಲೆಂದು ಮೇಲೊಂದು ಕಾಗದ ಸುತ್ತುವ ಪದ್ಧತಿಯೂ ಬಂತು. ನಾವು ಇಂದು ರಕ್ಷಾಪುಟ ಎನ್ನುವುದು ಈ ಕಾಗದವೇ. ಮನೆಗೆ ತಂದ ಮೇಲೆ ಅದನ್ನು ಕಿತ್ತು ಎಸೆಯುತ್ತಿದ್ದರು.

ಈ ಸ್ಥಿತಿಯನ್ನು ಬದಲಿಸಿದ ಸಂಗತಿಗಳಲ್ಲಿ ರೈಲು ಮುಖ್ಯವಾದುದು. 1848ರಲ್ಲಿ ಲಂಡನ್ನಿನ ಯೂಸ್ಟನ್ ನಿಲ್ದಾಣದಲ್ಲಿ ಡಬ್ಲ್ಯು. ಎಚ್. ಸ್ಮಿತ್ ಸಂಸ್ಥೆ ಪುಸ್ತಕದ ಅಂಗಡಿ ತೆರೆಯಿತು. ಅಲ್ಲಿ ಕೊಳ್ಳುವವನಿಗೆ ಬಿಡುವಿಲ್ಲ, ರೈಲು ಹೊರಡುವ ಹೊತ್ತು. ಅಂಗಡಿಯವನೊಡನೆ ಚರ್ಚಿಸುವಷ್ಟು ಸಮಯ ಎಲ್ಲಿಂದ ಬರಬೇಕು? ಇಂಥ ಪ್ರಯಾಣಿಕರಿಗಾಗಿಯೇ ಹಳದಿ ಬಣ್ಣದ ಹೊಳಪು ರಟ್ಟಿನ ಮೇಲೆ ಕಥೆಯ ಒಂದು ರೋಚಕ ಸನ್ನಿವೇಶವನ್ನು ಅಚ್ಚು ಮಾಡಿದ ಅಗ್ಗದ ಕಾದಂಬರಿಗಳು ಬಂದವು. ದೂರದಿಂದ ಕಾಣಬೇಕು, ಕ್ಷಣದಲ್ಲಿ ತಿಳಿಯಬೇಕು, ಕೂಡಲೇ ಬೇಕೆನಿಸಬೇಕು - ಮುಖಪುಟಕ್ಕೆ ಈ ಮೂರು ಕೆಲಸಗಳು ಗಂಟು ಬಿದ್ದದ್ದು ಇಲ್ಲಿ. ನಮ್ಮ ಬಸ್ ನಿಲ್ದಾಣಗಳ ಪುಸ್ತಕದ ಅಂಗಡಿಗಳಲ್ಲಿ ಪತ್ತೇದಾರಿ ಕಾದಂಬರಿಯ ಮೇಲೆ ಪಿಸ್ತೂಲು, ಸಾಮಾಜಿಕ ಕಾದಂಬರಿಯ ಮೇಲೆ ಹೆಣ್ಣಿನ ಮುಖ ಕಾಣುವುದರ ಹಿಂದಿನ ತರ್ಕವೂ ಇದೇ. ಒಂದೇ ಬಗೆಯ ಪುಸ್ತಕಗಳ ಮುಖಪುಟಗಳು ಒಂದನ್ನೊಂದು ಹೋಲುವುದಕ್ಕೆ ಕಾರಣ ಕಲಾವಿದರ ಸೋಮಾರಿತನವಷ್ಟೇ ಅಲ್ಲ. ಓದುಗರು ಆ ಗುರುತುಗಳನ್ನು ಕಲಿತಿರುತ್ತಾರೆ. ಗುರುತು ಬದಲಾದರೆ ತಮಗೆ ಬೇಕಾದ ಪುಸ್ತಕವನ್ನೇ ದಾಟಿ ಮುಂದೆ ಹೋಗುತ್ತಾರೆ.

ಚಿತ್ರವೇ ಇಲ್ಲದ ಮುಖಪುಟ

ಹಾಗಾದರೆ ಆಕರ್ಷಣೆಗೆ ಚಿತ್ರ ಬೇಕೇ ಬೇಕೆ? ಇಲ್ಲವೆಂದು ತೋರಿಸಿದವರು ಇಂಗ್ಲೆಂಡಿನ ಅಲೆನ್ ಲೇನ್. ಅವರು 1935ರ ಜುಲೈಯಲ್ಲಿ ಪೆಂಗ್ವಿನ್ ಮಾಲೆಯ ಮೊದಲ ಹತ್ತು ಪುಸ್ತಕಗಳನ್ನು ಹೊರತಂದರು. ಬೆಲೆ ಆರು ಪೆನ್ಸ್. ಆಗ ಹೊಸ ಕಾದಂಬರಿಯೊಂದರ ರೂಢಿಯ ಬೆಲೆ ಏಳೂವರೆ ಷಿಲಿಂಗ್, ಅಂದರೆ ಇದರ ಹದಿನೈದು ಪಟ್ಟು. ಇಷ್ಟು ಅಗ್ಗದ ಪುಸ್ತಕವೆಂದರೆ ಕೀಳು ಅಭಿರುಚಿಯದು ಎಂದು ಜನ ತಿಳಿಯುವ ಅಪಾಯವಿತ್ತು. ಬೆಲೆ ಕಡಿಮೆ, ಬೆಲೆಬಾಳುವುದು ಹೆಚ್ಚು ಎಂದು ಹೇಳಬೇಕಾದ ಭಾರ ಮುಖಪುಟದ ಮೇಲೆ ಬಿತ್ತು.

ಎಡ್ವರ್ಡ್ ಯಂಗ್ ಎಂಬ ತರುಣ ಲಂಡನ್ನಿನ ಮೃಗಾಲಯಕ್ಕೆ ಹೋಗಿ ಪೆಂಗ್ವಿನ್ ಹಕ್ಕಿಯ ಚಿತ್ರ ಬರೆದು ತಂದರು. ಮುಖಪುಟವನ್ನು ರೂಪಿಸಿದವರೂ ಅವರೇ: ಮೇಲೆ ಕೆಳಗೆ ಬಣ್ಣದ ಪಟ್ಟಿ, ನಡುವೆ ಬಿಳಿ ಜಾಗ, ಅದರಲ್ಲಿ ಸರಳವಾದ ಅಕ್ಷರಗಳಲ್ಲಿ ಶೀರ್ಷಿಕೆ ಮತ್ತು ಲೇಖಕರ ಹೆಸರು. ಹಕ್ಕಿಯನ್ನು ಬಿಟ್ಟರೆ ಬೇರೆ ಚಿತ್ರವಿಲ್ಲ. ಕಾದಂಬರಿಗೆ ಕಿತ್ತಳೆ, ಪತ್ತೇದಾರಿಗೆ ಹಸಿರು, ಜೀವನಚರಿತ್ರೆಗೆ ಕಡುನೀಲಿ. ಮೊದಲ ಹತ್ತರಲ್ಲಿ ಹೆಮಿಂಗ್ವೆ ಅವರ ಕಾದಂಬರಿ ಕಿತ್ತಳೆಯಲ್ಲಿ ಬಂದರೆ ಅಗಾಥಾ ಕ್ರಿಸ್ಟಿಯವರದು ಹಸಿರಿನಲ್ಲಿ ಬಂತು. ಪುಸ್ತಕ ಯಾವ ಬಗೆಯದೆಂಬುದು ದೂರದಿಂದಲೇ ತಿಳಿಯುತ್ತಿತ್ತು. ಒಂದನ್ನು ಓದಿ ಮೆಚ್ಚಿದವರು ಅದೇ ಉಡುಪಿನ ಇನ್ನೊಂದನ್ನು ನಂಬಿ ಕೊಂಡರು. ಪುಸ್ತಕ ವ್ಯಾಪಾರಿಗಳು ಮೊದಲು ಅನುಮಾನಪಟ್ಟರು. ವೂಲ್ವರ್ತ್ ಎಂಬ ಸರಣಿ ಅಂಗಡಿಗಳ ಸಂಸ್ಥೆ 63,500 ಪ್ರತಿಗಳನ್ನು ಕೇಳಿದ ಮೇಲೆ ಯೋಜನೆ ನಿಂತುಕೊಂಡಿತು. ಒಂದು ವರ್ಷದೊಳಗೆ ಸುಮಾರು 30 ಲಕ್ಷ ಪ್ರತಿಗಳು ಖರ್ಚಾದವು. ಇದಕ್ಕೆ ಬೆಲೆಯೇ ದೊಡ್ಡ ಕಾರಣ. ಆದರೆ ಅಗ್ಗದ ಪುಸ್ತಕವನ್ನು ಸಂಕೋಚವಿಲ್ಲದೆ ಕೈಯಲ್ಲಿ ಹಿಡಿದು ತಿರುಗುವಂತೆ ಮಾಡಿದ್ದು ಅದರ ಅಚ್ಚುಕಟ್ಟಾದ ಮುಖಪುಟ.

ಪುಸ್ತಕ ಓದಿ ಬರೆದ ಚಿತ್ರ

ನಮ್ಮ ದೇಶದಲ್ಲಿ ಮುಖಪುಟಕ್ಕೆ ಕಲೆಯ ಗೌರವ ತಂದವರಲ್ಲಿ ಸತ್ಯಜಿತ್ ರಾಯ್ ಒಬ್ಬರು. ಚಲನಚಿತ್ರ ನಿರ್ದೇಶಕರಾಗುವ ಮೊದಲು ಅವರು ಕಲ್ಕತ್ತೆಯ ಜಾಹೀರಾತು ಸಂಸ್ಥೆಯೊಂದರಲ್ಲಿದ್ದರು. ಜೊತೆಗೆ, 1943ರಲ್ಲಿ ಡಿ. ಕೆ. ಗುಪ್ತ ಅವರು ಸ್ಥಾಪಿಸಿದ ಸಿಗ್ನೆಟ್ ಪ್ರೆಸ್ಸಿಗೆ ಮುಖಪುಟಗಳನ್ನು ಮಾಡಿಕೊಡುತ್ತಿದ್ದರು. ಜಿಮ್ ಕಾರ್ಬೆಟ್ ಬರೆದ ಕುಮಾವೂನಿನ ನರಭಕ್ಷಕಗಳ ಪುಸ್ತಕದ ಬಂಗಾಳಿ ಅನುವಾದಕ್ಕೆ ಅವರು ಮಾಡಿದ ಹೊದಿಕೆ ಪ್ರಸಿದ್ಧವಾದುದು. ಪುಸ್ತಕಕ್ಕೆ ಸುತ್ತಲೂ ಹುಲಿಯ ಚರ್ಮ ಹೊದಿಸಿದಂತೆ ಹಳದಿ ಕಪ್ಪು ಪಟ್ಟೆಗಳು. ಮುಂಭಾಗದಲ್ಲಿ ಗುಂಡು ಹೊಕ್ಕ ಸಣ್ಣ ತೂತು, ಹಿಂಭಾಗದಲ್ಲಿ ಗುಂಡು ಹೊರಬಿದ್ದ ದೊಡ್ಡ ತೂತು. ಹುಲಿಯೂ ಇಲ್ಲ, ಬೇಟೆಗಾರನೂ ಇಲ್ಲ. ಆದರೂ ಬೇಟೆಯ ಕಥೆ ಅಲ್ಲಿದೆ. ಗುಂಡು ಹೊಕ್ಕ ಗಾಯಕ್ಕಿಂತ ಹೊರಬಿದ್ದ ಗಾಯ ದೊಡ್ಡದೆಂಬುದನ್ನು ಕಲಾವಿದರು ಮರೆತಿಲ್ಲ. ಇದೇ ಸಂಸ್ಥೆಗಾಗಿ ಅವರು 'ಪಥೇರ್ ಪಾಂಚಾಲಿ'ಯ ಸಂಕ್ಷಿಪ್ತ ಮಕ್ಕಳ ಆವೃತ್ತಿಗೆ ಚಿತ್ರಗಳನ್ನು ಬರೆದರು. ಆ ಚಿತ್ರಗಳಿಂದಲೇ 1955ರ ಚಲನಚಿತ್ರದ ಹಲವು ದೃಶ್ಯಗಳು ಮೊಳೆತವು.

ಮೈಸೂರಿನ ಸೋದರರದೂ ಇಂಥದೇ ಒಂದು ಉದಾಹರಣೆ. ಆರ್. ಕೆ. ನಾರಾಯಣ್ ಬರೆದ ಮಾಲ್ಗುಡಿಗೆ ಕಣ್ಣಿಗೆ ಕಾಣುವ ರೂಪ ಕೊಟ್ಟವರು ತಮ್ಮ ಆರ್. ಕೆ. ಲಕ್ಷ್ಮಣ್. ಶಂಕರನಾಗ್ ನಿರ್ದೇಶನದ 'ಮಾಲ್ಗುಡಿ ಡೇಸ್' ಧಾರಾವಾಹಿ ದೂರದರ್ಶನದಲ್ಲಿ ಬಂದಾಗ ಅದರ ಆರಂಭಕ್ಕೂ ಲಕ್ಷ್ಮಣರ ರೇಖೆಗಳೇ ಇದ್ದವು. ಆ ರೇಖೆಗಳನ್ನು ಕಂಡವರಿಗೆ ಪುಸ್ತಕದ ಹೆಸರನ್ನು ಬೇರೆಯಾಗಿ ಹೇಳಬೇಕಾಗಿರಲಿಲ್ಲ.

ಚಿತ್ರ ಹೇಳಬಾರದ್ದೂ ಒಂದಿರುತ್ತದೆ. ಫ್ರಾಂಜ್ ಕಾಫ್ಕಾ ಅವರ 'ಮೆಟಮಾರ್ಫಸಿಸ್' ಕಥೆಯ ನಾಯಕ ಬೆಳಿಗ್ಗೆ ಏಳುವಾಗ ಹುಳುವಾಗಿ ಮಾರ್ಪಟ್ಟಿರುತ್ತಾನೆ. 1915ರಲ್ಲಿ ಇದು ಪುಸ್ತಕವಾಗುವ ಹೊತ್ತಿಗೆ ಕಾಫ್ಕಾ ಪ್ರಕಾಶಕರಿಗೆ ಪತ್ರ ಬರೆದು, ಆ ಹುಳುವನ್ನು ಮಾತ್ರ ಚಿತ್ರಿಸಬೇಡಿ, ದೂರದಿಂದ ಕಾಣುವಂತೆಯೂ ಬೇಡ ಎಂದು ಕೇಳಿಕೊಂಡರು. ಕೊನೆಗೆ ಕಲಾವಿದ ಒಟ್ಟೊಮಾರ್ ಸ್ಟಾರ್ಕೆ ಬರೆದದ್ದು, ಅರೆ ತೆರೆದ ಬಾಗಿಲಿನಿಂದ ಮುಖ ಮುಚ್ಚಿಕೊಂಡು ದೂರ ಸರಿಯುತ್ತಿರುವ ಒಬ್ಬ ಮನುಷ್ಯನನ್ನು. ಬಾಗಿಲ ಹಿಂದೆ ಬರೀ ಕತ್ತಲೆ. ಹುಳುವನ್ನು ತೋರಿಸಿದ್ದರೆ ಓದುಗನ ಕಲ್ಪನೆಗೆ ಕೆಲಸವೇ ಇರುತ್ತಿರಲಿಲ್ಲ. ಒಳ್ಳೆಯ ಮುಖಪುಟ ಪ್ರಶ್ನೆಯನ್ನು ಹುಟ್ಟಿಸಿ ಉತ್ತರವನ್ನು ಪುಸ್ತಕಕ್ಕೇ ಬಿಡುತ್ತದೆ.

ಈ ಪುಸ್ತಕ ಯಾರಿಗಾಗಿ?

ಪುಸ್ತಕ ಯಾವ ಬಗೆಯದು ಎನ್ನುವುದರ ಜೊತೆಗೆ ಅದು ಯಾರಿಗಾಗಿ ಎಂಬುದನ್ನೂ ಮುಖಪುಟ ಸದ್ದಿಲ್ಲದೆ ಹೇಳುತ್ತದೆ. ಹ್ಯಾರಿ ಪಾಟರ್ ಕಥೆಗಳು ಮಕ್ಕಳಿಗೆಂದು ಬಣ್ಣದ ಚಿತ್ರದೊಂದಿಗೆ ಬಂದವು. ದೊಡ್ಡವರೂ ಓದುತ್ತಿರುವುದು ಕಂಡ ಪ್ರಕಾಶಕರು 1998ರಲ್ಲಿ ಮೊದಲ ಪುಸ್ತಕಕ್ಕೆ ಉಗಿಬಂಡಿಯ ಕಪ್ಪು ಬಿಳುಪು ಛಾಯಾಚಿತ್ರದ ಇನ್ನೊಂದು ಮುಖಪುಟ ಹಾಕಿದರು. ಒಳಗಿನ ಕಥೆ ಅದೇ. ನಾಲ್ಕು ಜನರ ಎದುರು ಮಕ್ಕಳ ಪುಸ್ತಕ ಹಿಡಿಯಲು ನಾಚುವವರ ಸಂಕೋಚವನ್ನು ಆ ಮುಖಪುಟ ಕಳೆಯಿತು.

ಈ ಶಕ್ತಿ ಅನ್ಯಾಯಕ್ಕೂ ಬಳಕೆಯಾಗಬಹುದು. 2009ರಲ್ಲಿ ಜಸ್ಟೀನ್ ಲಾರ್ಬಲೆಸ್ಟಿಯರ್ ಎಂಬ ಲೇಖಕಿಯ 'ಲಯರ್' ಕಾದಂಬರಿ ಅಮೆರಿಕದಲ್ಲಿ ಪ್ರಕಟವಾಗಬೇಕಿತ್ತು. ಅದರ ನಾಯಕಿ ಕಪ್ಪು ವರ್ಣೀಯ ಹುಡುಗಿ. ಪ್ರಕಾಶಕರು ಸಿದ್ಧಪಡಿಸಿದ ಮುಖಪುಟದಲ್ಲಿದ್ದವಳು ಬಿಳಿಯ ಹುಡುಗಿ. ಲೇಖಕಿ ತಮ್ಮ ಅಸಮಾಧಾನವನ್ನು ಬಹಿರಂಗವಾಗಿ ಹೇಳಿದರು. ಓದುಗರೂ ಪ್ರತಿಭಟಿಸಿದರು. ಪುಸ್ತಕ ಮಾರುಕಟ್ಟೆಗೆ ಬರುವ ಮೊದಲೇ ಮುಖಪುಟ ಬದಲಾಯಿತು. ತನ್ನಂಥವಳ ಕಥೆಯೊಂದು ಅಲ್ಲಿದೆ ಎಂದು ಕಪ್ಪು ವರ್ಣೀಯ ಹುಡುಗಿಯೊಬ್ಬಳಿಗೆ ತಿಳಿಸಬೇಕಾದ ಮುಖಪುಟವೇ ಅದನ್ನು ಮರೆಮಾಡಲು ಹೊರಟಿತ್ತು. ಮುಖಪುಟ ಕೆಲವರನ್ನು ಒಳಗೆ ಕರೆಯುವಂತೆಯೇ ಕೆಲವರನ್ನು ಹೊರಗೆ ನಿಲ್ಲಿಸಬಲ್ಲದು. ವಿಜ್ಞಾನದ ಪುಸ್ತಕದ ಮೇಲೆ ಯಾವಾಗಲೂ ಹುಡುಗನೇ ಇದ್ದರೆ, ಅಡುಗೆಯ ಪುಸ್ತಕದ ಮೇಲೆ ಯಾವಾಗಲೂ ಹೆಂಗಸೇ ಇದ್ದರೆ, ಅಲ್ಲಿಯೂ ಇದೇ ನಡೆಯುತ್ತಿದೆ.

ಮುಖಪುಟವಿಲ್ಲದ ಪುಸ್ತಕಗಳ ನಡುವೆ

ಸಾರ್ವಜನಿಕ ಗ್ರಂಥಾಲಯಕ್ಕೆ ಹೋದರೆ ಬೇರೆಯೇ ಅನುಭವ. ಅಲ್ಲಿನ ಹಳೆಯ ಪುಸ್ತಕಗಳಿಗೆ ಮತ್ತೆ ಬೈಂಡು ಹಾಕಿರುತ್ತಾರೆ. ಮುಖಪುಟಗಳು ಹೋಗಿ ಎಲ್ಲಕ್ಕೂ ಒಂದೇ ಬಣ್ಣದ ರಟ್ಟು, ಬೆನ್ನಿನ ಮೇಲೆ ಒಂದು ಸಂಖ್ಯೆ ಉಳಿದಿರುತ್ತದೆ. ಇಲ್ಲಿ ನಮ್ಮನ್ನು ಸೆಳೆಯುವವರು ಯಾರೂ ಇಲ್ಲ. ಆದರೆ ಪುಸ್ತಕಕ್ಕೆ ಅಂಟಿಸಿದ ತಾರೀಖಿನ ಚೀಟಿಯಲ್ಲಿ ಎಷ್ಟು ಮೊಹರುಗಳಿವೆ ಎಂದು ನೋಡಿದರೆ ನಮಗಿಂತ ಮೊದಲು ಎಷ್ಟು ಜನ ಅದನ್ನು ಮನೆಗೆ ಒಯ್ದರು ಎಂಬುದು ತಿಳಿಯುತ್ತದೆ. ಪ್ರಕಾಶಕರಲ್ಲದೆ ಓದುಗರೇ ಬರೆದ ಶಿಫಾರಸು ಅದು.

ಇನ್ನೊಂದು ತುದಿಯಲ್ಲಿ ಮೊಬೈಲ್ ಫೋನಿನ ಪರದೆ ಇದೆ. ಅಲ್ಲಿ ಮುಖಪುಟ ಅಂಚೆಚೀಟಿಯಷ್ಟಾಗಿ ಕುಗ್ಗುತ್ತದೆ. ಸೂಕ್ಷ್ಮ ರೇಖೆಗಳು ಅಳಿಸಿಹೋಗಿ ದಪ್ಪ ಅಕ್ಷರ, ಗಾಢ ಬಣ್ಣ ಮಾತ್ರ ಉಳಿಯುತ್ತವೆ. ರೈಲ್ವೆ ನಿಲ್ದಾಣದ ಅವಸರ ಈಗ ನಮ್ಮ ಅಂಗೈಗೆ ಬಂದಿದೆ. ಪುಟ ತಿರುವಿ ನೋಡುವ ಅವಕಾಶ ಕಡಿಮೆಯಾದಷ್ಟೂ ಮುಖಪುಟದ ಹಿಡಿತ ಹೆಚ್ಚುತ್ತದೆ.

ಬೆಳ್ಳಗಿರುವುದೆಲ್ಲ ಹಾಲಲ್ಲ ಎಂಬ ಗಾದೆಯನ್ನು ಹೇಳಿ ಮುಖಪುಟವನ್ನು ತಳ್ಳಿಹಾಕಬೇಕಾಗಿಲ್ಲ. ಅದು ಕಲಾವಿದರ ಶ್ರಮ, ಹಲವೊಮ್ಮೆ ಪುಸ್ತಕದ ಮೊದಲ ವಿಮರ್ಶೆ. ಪುಸ್ತಕದ ಬಗೆ ಯಾವುದು, ಓದುಗರು ಯಾರು ಎಂಬುದನ್ನು ಅದು ಹೇಳಬಲ್ಲದು; ಒಳಗಿನ ಬರಹದ ಗುಣವನ್ನು ಹೇಳಲಾರದು. ಆದ್ದರಿಂದ ಮುಂದಿನ ಬಾರಿ ಒಂದು ಮುಖಪುಟ ನಿಮ್ಮ ಕಣ್ಣನ್ನು ಹಿಡಿದಾಗ, ನನ್ನನ್ನು ಸೆಳೆದದ್ದು ಬಣ್ಣವೋ, ಚಿತ್ರವೋ, ಲೇಖಕರ ಹೆಸರೋ ಎಂದು ಒಂದು ಗಳಿಗೆ ಕೇಳಿಕೊಳ್ಳಿ. ಬೆನ್ನುಡಿ ಓದಿ, ಪರಿವಿಡಿ ನೋಡಿ, ನಡುವಿನ ಯಾವುದಾದರೂ ಒಂದು ಪುಟವನ್ನು ತೆರೆದು ಪೂರ್ತಿ ಓದಿ. ಆಮೇಲೆ, ಪಕ್ಕದಲ್ಲಿ ಯಾರೂ ಮುಟ್ಟದೆ ಕುಳಿತಿರುವ ಸಪ್ಪೆ ಮುಖದ ಪುಸ್ತಕಕ್ಕೂ ಅದೇ ಒಂದು ಪುಟದ ಅವಕಾಶ ಕೊಡಿ. ನೀವು ಹುಡುಕುತ್ತಿದ್ದ ಪುಸ್ತಕ ಅದೇ ಆಗಿರಬಹುದು.